ಕಂಡದ್ದು ಮೊದಲು, ತೀರ್ಪು ಆಮೇಲೆ

ಕೇಳುಗರಿಗೆ ನಮಸ್ಕಾರ.

ಹೊಸ ಸಿನಿಮಾ ತೆರೆಕಂಡ ದಿನ ಸಂಜೆಯೊಳಗೆ ಅದಕ್ಕೆ ನೂರಾರು ಜನ ನಕ್ಷತ್ರ ಕೊಟ್ಟಾಗಿರುತ್ತದೆ. ಐದಕ್ಕೆ ಮೂರು, ಐದಕ್ಕೆ ಎರಡೂವರೆ. ಟಿಕೆಟ್ ಕೊಳ್ಳಬೇಕೋ ಬೇಡವೋ ಅನ್ನುವುದಕ್ಕೆ ಅಷ್ಟು ಸಾಕು. ಆದರೆ ಆ ಸಿನಿಮಾದಲ್ಲಿ ಏನಿತ್ತು? ಅದನ್ನು ಯಾವ ಅಂಕಿಯೂ ಹೇಳಲಾರದು. ನಾಟಕವಾಗಲಿ, ಸಂಗೀತವಾಗಲಿ, ಪುಸ್ತಕವಾಗಲಿ, ವಿಮರ್ಶಕ ಮೊದಲು ತಾನು ಕಂಡದ್ದನ್ನು, ಕೇಳಿದ್ದನ್ನು, ಓದಿದ್ದನ್ನು ಹೇಳಬೇಕು. ಚೆನ್ನಾಗಿದೆ, ಚೆನ್ನಾಗಿಲ್ಲ ಎಂಬುದು ಆಮೇಲಿನ ಮಾತು.

'ಗಾಯನ ಶ್ರೋತೃಗಳ ಮನಸೂರೆಗೊಂಡಿತು' ಎಂದು ಎಷ್ಟು ಸಲ ಓದಿದ್ದೇವೆ! ಈ ವಾಕ್ಯವನ್ನು ಯಾವ ಗಾಯಕರ ಹೆಸರಿನ ಮುಂದೆ ಬೇಕಾದರೂ ಇಡಬಹುದು. ಅದರ ಬದಲು ಹೀಗೆ ಬರೆದರೆ ನೋಡಿ: 'ಆಲಾಪದಲ್ಲಿ ಗಾಯಕಿ ಮೇಲಿನ ಷಡ್ಜಕ್ಕೆ ಅವಸರಪಡಲಿಲ್ಲ. ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಸ್ವರವಾದ ನಿಷಾದದ ಸುತ್ತಲೇ ಬಹಳ ಹೊತ್ತು ಸುಳಿದರು, ಎರಡು ಸಲ ಹತ್ತಿರ ಹೋಗಿ ಹಿಂದೆ ಸರಿದರು. ಕೊನೆಗೆ ಷಡ್ಜದಲ್ಲಿ ನಿಂತಾಗ ದನಿ ಯಾವುದು, ತಂಬೂರಿಯ ತಂತಿ ಯಾವುದು ಎಂದು ತಿಳಿಯಲಿಲ್ಲ.' ಇಲ್ಲಿ ಹೊಗಳಿಕೆಯ ಪದ ಒಂದೂ ಇಲ್ಲ. ಆದರೂ ಆ ಸಂಜೆ ಅಲ್ಲಿಲ್ಲದವರ ಕಿವಿಗೂ ಏನೋ ತಲುಪಿತು.

ಪುಸ್ತಕ ನಾಳೆಯೂ ಇರುತ್ತದೆ, ಸಿನಿಮಾವನ್ನು ಮತ್ತೆ ನೋಡಬಹುದು. ರಂಗದ ಮೇಲೆ ನಡೆದದ್ದು ಅಂದೇ ಮುಗಿಯಿತು. ಅದೇ ತಂಡ ಮರುದಿನ ಆಡಿದರೂ ಅದು ಬೇರೆಯ ಪ್ರಯೋಗ. ಹಾಗಾಗಿ ರಂಗವಿಮರ್ಶಕನ ಹೊಣೆ ಉಳಿದವರಿಗಿಂತ ದೊಡ್ಡದು ಎಂದೇ ನನ್ನ ನಂಬಿಕೆ. ಎಷ್ಟೋ ಪ್ರಯೋಗಗಳಿಗೆ ಅವನು ಬರೆದ ನಾಲ್ಕು ಸಾಲು ಬಿಟ್ಟರೆ ಬೇರೆ ದಾಖಲೆಯೇ ಉಳಿಯುವುದಿಲ್ಲ.

ಭರತನ ನಾಟ್ಯಶಾಸ್ತ್ರದಲ್ಲಿ ಪ್ರಯೋಗದ ಸಿದ್ಧಿಯನ್ನು, ಎಂದರೆ ಯಶಸ್ಸನ್ನು, ಕುರಿತು ಒಂದು ಅಧ್ಯಾಯವೇ ಇದೆ. ಪೈಪೋಟಿಯಲ್ಲಿ ವಿವಾದ ಎದ್ದರೆ ನಿರ್ಣಯ ಹೇಳಲು ಅಲ್ಲಿ 'ಪ್ರಾಶ್ನಿಕ'ರು ಇದ್ದಾರೆ. ಒಬ್ಬರಲ್ಲ, ಹತ್ತು ಬಗೆಯವರು. ನಟನ ನಿಲುವು ಸರಿಯೇ ಎಂದು ಹೇಳುವವನು ಬಿಲ್ಲುಗಾರ. ವೇಷಭೂಷಣಕ್ಕೆ ಚಿತ್ರಕಾರ, ಸ್ವರತಾಳಗಳಿಗೆ ಸಂಗೀತ ಬಲ್ಲವನು, ಶೃಂಗಾರದ ನಡೆಗೆ ವೇಶ್ಯೆ, ಮಾತಿನ ಶುದ್ಧಿಗೆ ವ್ಯಾಕರಣ ಬಲ್ಲವನು. ಬಿಲ್ಲು ಹಿಡಿದು ನಿಂತು ಗೊತ್ತಿದ್ದವನಿಗೇ ಆ ನಿಲುವಿನ ಹದ ಗೊತ್ತು ಎಂಬ ವಿವೇಕ ಎಷ್ಟು ದೊಡ್ಡದು! ಇಂದು ಆ ಹತ್ತು ಜನರ ಕೆಲಸವನ್ನು ವಿಮರ್ಶಕನೊಬ್ಬನೇ ಹೊತ್ತಿದ್ದಾನೆ. ಅಂಥವನು ತನಗೆ ತಿಳಿಯದ ಬೆಳಕಿನ ವಿನ್ಯಾಸದ ಬಗ್ಗೆ, ಸಂಕಲನದ ಬಗ್ಗೆ ಬಲ್ಲವರನ್ನು ಕೇಳಿ ಬರೆಯಬೇಕು. ಕೇಳುವುದರಲ್ಲಿ ಕೀಳರಿಮೆ ಏನಿದೆ?

ಹೊಸದನ್ನು ಹಳೆಯ ಅಳತೆಗೋಲಿನಿಂದ ಅಳೆಯುವ ಅವಸರವೂ ಇದೆ. 1955ರ ಆಗಸ್ಟ್‌ನಲ್ಲಿ ಸ್ಯಾಮ್ಯುಯೆಲ್ ಬೆಕೆಟ್‌ನ 'ವೇಟಿಂಗ್ ಫಾರ್ ಗೋಡೋ' ಲಂಡನ್ನಿನಲ್ಲಿ ರಂಗಕ್ಕೆ ಬಂತು. ಇಬ್ಬರು ಯಾರಿಗೋ ಕಾಯುತ್ತಾರೆ, ಅವನು ಬರುವುದಿಲ್ಲ. ದಿನಪತ್ರಿಕೆಗಳ ವಿಮರ್ಶಕರಲ್ಲಿ ಹೆಚ್ಚಿನವರು ಅದನ್ನು ತಳ್ಳಿಹಾಕಿದರು. ಆ ಭಾನುವಾರ, ಭಾನುವಾರದ ಪತ್ರಿಕೆಗಳ ವಿಮರ್ಶಕರಾದ ಕೆನೆತ್ ಟೈನನ್ ಮತ್ತು ಹೆರಾಲ್ಡ್ ಹಾಬ್ಸನ್ ಅದರ ಪರವಾಗಿ ಬರೆದರು. ನಾಟಕದ ನಿಯಮಗಳನ್ನೇ ಮತ್ತೊಮ್ಮೆ ಪರಿಶೀಲಿಸುವಂತೆ ಈ ಪ್ರಯೋಗ ತನ್ನನ್ನು ಒತ್ತಾಯಿಸಿತು ಎಂಬ ಅರ್ಥದ ಮಾತನ್ನು ಟೈನನ್ ಬರೆದ. ಕೃತಿ ತನ್ನ ನಿಯಮಕ್ಕೆ ಹೊಂದದಿದ್ದಾಗ ನಿಯಮದ ಕಡೆಗೂ ಒಮ್ಮೆ ತಿರುಗಿ ನೋಡುವ ಧೈರ್ಯ ಅದು.

ತೀರ್ಪಿನ ಜೊತೆ ಕಾರಣ ಏಕೆ ಬೇಕು ಎನ್ನುವುದಕ್ಕೂ ಒಂದು ಪ್ರಸಂಗವಿದೆ. ತಿಮಿಂಗಿಲ ಬೇಟೆಗೆ ಹೊರಟ ಹಡಗಿನ ಕಥೆಯಾದ ಹರ್ಮನ್ ಮೆಲ್ವಿಲ್‌ನ ಕಾದಂಬರಿ 'ಮೋಬಿ ಡಿಕ್' 1851ರಲ್ಲಿ ಮೊದಲು ಲಂಡನ್ನಿನಲ್ಲಿ ಅಚ್ಚಾಯಿತು, 'ದ ವೇಲ್' ಎಂಬ ಹೆಸರಿನಲ್ಲಿ. ನಿರೂಪಕ ಬದುಕಿ ಉಳಿದ ಎಂದು ತಿಳಿಸುವ ಕೊನೆಯ ಭಾಗ ಆ ಮುದ್ರಣದಲ್ಲಿ ಬಿಟ್ಟುಹೋಗಿತ್ತು. ಹಡಗಿನವರೆಲ್ಲ ಮುಳುಗಿದ ಮೇಲೆ ಈ ಕಥೆ ಹೇಳುತ್ತಿರುವವರು ಯಾರು ಎಂದು ಅಲ್ಲಿನ ಕೆಲವು ವಿಮರ್ಶಕರು ಆಕ್ಷೇಪಿಸಿದರು. ಅವರು ಕಾರಣ ಬರೆದಿಟ್ಟದ್ದರಿಂದ ತಾನೇ ತಪ್ಪು ಅಚ್ಚಿನಲ್ಲಿತ್ತು, ಕಾದಂಬರಿಯಲ್ಲಿರಲಿಲ್ಲ ಎಂದು ಇಂದು ನಮಗೆ ತಿಳಿಯುತ್ತದೆ? 'ಕಥೆ ಸಪ್ಪೆ' ಎಂದು ಬರೆದು ಬಿಟ್ಟಿದ್ದರೆ ಆ ಆಕ್ಷೇಪಕ್ಕೆ ಉತ್ತರವೇ ಇರುತ್ತಿರಲಿಲ್ಲ.

ಹೊಸ ತಂಡದ ಮೊದಲ ನಾಟಕ ಸೋತಿತು ಎಂದು ಬರೆಯುವಾಗಲಂತೂ ಎಲ್ಲಿ ಸೋತಿತು ಎಂದು ಬೆರಳಿಟ್ಟು ತೋರಿಸಬೇಕು. ಎರಡನೆಯ ಅಂಕಕ್ಕೆ ರಂಗಸಜ್ಜಿಕೆ ಬದಲಿಸಲು ಹಿಡಿದ ಹೊತ್ತಿನಲ್ಲಿ ಅಲ್ಲಿಯವರೆಗೆ ಕಟ್ಟಿದ್ದ ಬಿಗಿ ಸಡಿಲವಾಯಿತು ಎಂದು ಬರೆದರೆ, ಮುಂದಿನ ಪ್ರಯೋಗದಲ್ಲಿ ನಿರ್ದೇಶಕಿ ಅದನ್ನು ಸರಿಪಡಿಸಬಹುದು, ಇಲ್ಲವೇ 'ಆ ವಿರಾಮ ನನಗೆ ಬೇಕೇ ಬೇಕಿತ್ತು' ಎಂದು ವಾದಿಸಬಹುದು. 'ನಿರಾಸೆ ಮೂಡಿಸಿತು' ಎಂದರೆ ಆಕೆ ಏನು ತಾನೇ ಮಾಡಿಯಾಳು?

ನಮಸ್ಕಾರ.