ತಪ್ಪಾಗುತ್ತಿದೆ ಎಂದು ಹೇಳಲು ಬಿಡುವವರು

ಹಿರಿಯರೇ, ಗೆಳೆಯರೇ,

ಒಳ್ಳೆಯ ನಾಯಕನ ಗುಣಗಳ ಬಗ್ಗೆ ಮಾತಾಡಿ ಎಂದಿದ್ದೀರಿ. ದೂರದೃಷ್ಟಿ, ಪ್ರಾಮಾಣಿಕತೆ, ಆತ್ಮವಿಶ್ವಾಸ, ಮಾತುಗಾರಿಕೆ: ಈ ಪಟ್ಟಿ ನಿಮಗೆಲ್ಲ ಬಾಯಿಪಾಠ. ಒಂದನ್ನೂ ನಾನು ತಳ್ಳಿಹಾಕುವುದಿಲ್ಲ. ಆದರೆ ಇವೆಲ್ಲ ಇದ್ದೂ ತಂಡವನ್ನು ಮುಳುಗಿಸಿದವರಿದ್ದಾರೆ. ಹಾಗಾಗಿ ನಾನು ಮೊದಲು ನೋಡುವುದು ಇಷ್ಟೇ. ಕೈಕೆಳಗಿನವರು ಅವರ ಎದುರು ನಿಂತು ‘ಸರ್, ಇದು ತಪ್ಪಾಗುತ್ತಿದೆ’ ಎನ್ನಬಲ್ಲರೇ?

1977ರ ಮಾರ್ಚ್ 27. ಸ್ಪೇನ್‌ಗೆ ಸೇರಿದ ಕ್ಯಾನರಿ ದ್ವೀಪಗಳ ಟೆನೆರಿಫ್. ಪಕ್ಕದ ದ್ವೀಪದ ವಿಮಾನ ನಿಲ್ದಾಣದಲ್ಲಿ ಬಾಂಬ್ ಸಿಡಿದು, ಅಲ್ಲಿಗೆ ಹೋಗಬೇಕಿದ್ದ ವಿಮಾನಗಳು ಇಲ್ಲಿಗೆ ಬಂದು ಕಿಕ್ಕಿರಿದಿವೆ. ಮೇಲಿಂದ ಮಂಜು. ರನ್‌ವೇಯ ತುದಿಯಲ್ಲಿ ನೆದರ್‌ಲೆಂಡ್ಸ್‌ನ ಕೆಎಲ್‌ಎಂ ಕಂಪನಿಯ ಜಂಬೊ ವಿಮಾನ ಹೊರಡಲು ಸಜ್ಜಾಗಿದೆ. ಅದೇ ರನ್‌ವೇಯಲ್ಲಿ, ಕಣ್ಣಿಗೆ ಕಾಣದಂತೆ, ಅಮೆರಿಕದ ಪ್ಯಾನ್ ಆಮ್ ಕಂಪನಿಯ ಜಂಬೊ ಎದುರಿನಿಂದ ಬರುತ್ತಿದೆ. ಕೆಎಲ್‌ಎಂನ ಕ್ಯಾಪ್ಟನ್ ಸಾಮಾನ್ಯರಲ್ಲ. ಉಳಿದ ಪೈಲಟ್‌ಗಳಿಗೆ ತರಬೇತಿ ಕೊಡುವವರು. ಕಂಪನಿಯ ಜಾಹೀರಾತಿನಲ್ಲೂ ಅವರದೇ ಮುಖ.

ಅವರು ಹೊರಡಲು ಎಂಜಿನ್‌ನ ವೇಗ ಏರಿಸಿದರು. ಸಹಪೈಲಟ್ ತಡೆದರು: ಅನುಮತಿ ಇನ್ನೂ ಬಂದಿಲ್ಲ. ಗೊತ್ತು, ಕೇಳು ಎಂದರು ಕ್ಯಾಪ್ಟನ್. ಸಹಪೈಲಟ್ ಕಂಟ್ರೋಲ್ ಟವರ್ ಜೊತೆ ಮಾತಾಡುತ್ತಿರುವಾಗಲೇ ವಿಮಾನ ಮತ್ತೆ ಚಲಿಸಿತು. ಈ ಸಲ ಸಹಪೈಲಟ್ ತಡೆಯಲಿಲ್ಲ. ರೇಡಿಯೊದಲ್ಲಿ ಬಂದ ಮಾತು ಕೇಳಿದ ಫ್ಲೈಟ್ ಎಂಜಿನಿಯರ್‌ಗೆ ಮಾತ್ರ ಅನುಮಾನ. ಆ ಪ್ಯಾನ್ ಆಮ್ ದಾರಿ ಬಿಟ್ಟಿಲ್ಲವೇ ಎಂದು ಕೇಳಿದರು. ಬಿಟ್ಟಿದೆ ಎಂದು ಕ್ಯಾಪ್ಟನ್ ಗಟ್ಟಿಯಾಗಿ ಹೇಳಿದರು. ಅಲ್ಲಿಗೆ ಪ್ರಶ್ನೆ ಮುಗಿಯಿತು. ಕೆಲವೇ ಸೆಕೆಂಡುಗಳಲ್ಲಿ ಡಿಕ್ಕಿ. 583 ಜನ ಸತ್ತರು.

ಮಂಜು, ರೇಡಿಯೊದಲ್ಲಿ ಒಂದರ ಮೇಲೊಂದು ಬಿದ್ದ ಮಾತು, ಹೊರಡುವ ಆತುರ, ಹೀಗೆ ಕಾರಣ ಹಲವು. ಕ್ಯಾಪ್ಟನ್‌ಗೆ ದುರಹಂಕಾರಿ ಎಂದು ಷರಾ ಬರೆದು ಮುಗಿಸುವುದೂ ಸುಲಭ. ನನ್ನನ್ನು ಕಾಡುವುದು ಆ ಎಂಜಿನಿಯರ್ ಆ ಉತ್ತರದ ಮೇಲೆ ಮತ್ತೆ ಕೇಳದೆ ಹೋದದ್ದು. ಒಂದು ಗಟ್ಟಿ ಉತ್ತರ ಸಾಕಾಯಿತು, ಅನುಮಾನ ಗಂಟಲಲ್ಲೇ ಉಳಿಯಿತು. ನಿಮ್ಮ ಸಭೆಗಳಲ್ಲಿ ಇದನ್ನು ನೀವು ನೋಡಿಲ್ಲವೇ?

ಇಂಥ ಅಪಘಾತಗಳ ನಂತರ ವಿಮಾನ ಕಂಪನಿಗಳು ತರಬೇತಿಯನ್ನೇ ಬದಲಿಸಿದವು. ಕಿರಿಯರು ಹೇಳಲೇಬೇಕು, ಕ್ಯಾಪ್ಟನ್ ಕೇಳಲೇಬೇಕು. 1989ರ ಜುಲೈ 19ರಂದು ಅಮೆರಿಕದ ಯುನೈಟೆಡ್ ಕಂಪನಿಯ 232 ಸಂಖ್ಯೆಯ ವಿಮಾನದ ಬಾಲದ ಎಂಜಿನ್ ಸಿಡಿದು, ವಿಮಾನ ತಿರುಗಿಸುವ ಹೈಡ್ರಾಲಿಕ್ ವ್ಯವಸ್ಥೆಯೆಲ್ಲ ಸತ್ತುಹೋಯಿತು. ಕ್ಯಾಪ್ಟನ್ ಆಲ್ ಹೇನ್ಸ್ ‘ನನಗೆ ಗೊತ್ತು’ ಎಂದು ಕೂರಲಿಲ್ಲ. ಪ್ರಯಾಣಿಕರ ನಡುವೆ ಕೂತಿದ್ದ ತರಬೇತಿ ಪೈಲಟ್ ಡೆನ್ನಿ ಫಿಚ್ ನೆರವಿಗೆ ಬರಲೇ ಎಂದು ಕೇಳಿಕಳಿಸಿದಾಗ, ಒಳಗೆ ಕರೆದು ಎಂಜಿನ್‌ಗಳ ಹಿಡಿಕೆಯನ್ನೇ ಅವರ ಕೈಗೆ ಕೊಟ್ಟರು. ವಿಮಾನ ಇಳಿಯುವಾಗ ಒಡೆದುಹೋಯಿತು, 112 ಜನ ತೀರಿಕೊಂಡರು. ಆದರೆ 184 ಜನ ಬದುಕಿದರು. ಆ ತರಬೇತಿ ಇಲ್ಲದಿದ್ದರೆ ಸಾಧ್ಯವಾಗುತ್ತಿರಲಿಲ್ಲವೆಂದು ಹೇನ್ಸ್ ಮುಂದೆ ಊರೂರಲ್ಲಿ ಹೇಳಿದರು.

ಅಂದರೆ ಇದು ಹುಟ್ಟುಗುಣವಲ್ಲ, ಕಲಿಯಬಹುದಾದ ಕೌಶಲ. ‘ಎಲ್ಲ ಸರಿ ಇದೆ ತಾನೇ?’ ಎಂದು ಕೇಳಿದರೆ ಎಲ್ಲರೂ ತಲೆಯಾಡಿಸುತ್ತಾರೆ. ‘ಇದು ಕೆಟ್ಟರೆ ಎಲ್ಲಿ ಕೆಡುತ್ತದೆ?’ ಎಂದು ಕೇಳಿ, ಬಾಯಿ ಬಿಡುತ್ತಾರೆ. ನಿಮ್ಮ ಅಭಿಪ್ರಾಯ ಕೊನೆಗಿರಲಿ. ಕೆಟ್ಟ ಸುದ್ದಿ ತಂದವರ ಮೇಲೆ ಒಮ್ಮೆ ರೇಗಿದರೆ ಸಾಕು, ಮುಂದಿನ ಸುದ್ದಿ ನಿಮಗೆ ಪತ್ರಿಕೆಯಲ್ಲೇ ಸಿಗುತ್ತದೆ.

ಸಮಯವಾಯಿತೆಂದು ಸಂಘಟಕರು ಸನ್ನೆ ಮಾಡುತ್ತಿದ್ದಾರೆ. ನಿರ್ಧಾರ, ಸಮಯಪಾಲನೆ, ಕೆಲಸ ಹಂಚುವುದು ಇವನ್ನೆಲ್ಲ ಬಿಡುತ್ತೇನೆ. ಹೊಣೆಗಾರಿಕೆಯ ಬಗ್ಗೆ ಮಾತ್ರ ಒಂದು ಮಾತು. 1979ರ ಆಗಸ್ಟ್‌ನಲ್ಲಿ ಎಸ್‌ಎಲ್‌ವಿ-3 ರಾಕೆಟ್ ವಿಫಲವಾದಾಗ ಪತ್ರಕರ್ತರ ಎದುರು ಕೂತು ಹೊಣೆ ಹೊತ್ತವರು ಇಸ್ರೋ ಅಧ್ಯಕ್ಷ ಸತೀಶ್ ಧವನ್. ಮರುವರ್ಷ ಜುಲೈ 18ರಂದು ಗೆದ್ದಾಗ ಯೋಜನೆಯ ನಿರ್ದೇಶಕ ಕಲಾಂ ಅವರನ್ನೇ ಮಾತಾಡಲು ಕಳಿಸಿದರು. ಸೋಲನ್ನು ತಾನೇ ಹೊರುವವನ ಎದುರು ಮಾತ್ರ ಜನ ಸತ್ಯ ನುಡಿಯುತ್ತಾರೆ. ನಾನು ಮತ್ತೆ ಅಲ್ಲಿಗೇ ಬಂದೆ.

ಈಗ ಪ್ರಶ್ನೆಗಳು. ಮುಂದಿನ ಸಾಲಿನ ಹಿರಿಯರು ದಯವಿಟ್ಟು ಸ್ವಲ್ಪ ತಡೆಯಿರಿ. ಕೆಲಸಕ್ಕೆ ಹೊಸದಾಗಿ ಸೇರಿದವರು ಮೊದಲು ಕೇಳಲಿ, ನನ್ನ ಮಾತಿನಲ್ಲಿ ಒಪ್ಪದ್ದೇನಿದೆ ಎಂಬುದರಿಂದಲೇ ಶುರುಮಾಡಲಿ.