ಏಜೆಂಟಿಗೆ ದುಡ್ಡು ಕಟ್ಟುವ ಮುಂಚೆ ಒಂದು ರಕ್ತಪರೀಕ್ಷೆ

ಅಣ್ಣಂದಿರೇ, ಅಕ್ಕಂದಿರೇ, ಸಿಂಧನೂರು, ಮಾನ್ವಿ, ದೇವದುರ್ಗದ ಕಡೆಯಿಂದ ರಾಯಚೂರಿಗೆ ಬಂದಿರುವ ಹಿರಿಯರೇ, ನಮಸ್ಕಾರ.

ಇಲ್ಲಿ ಕೂತವರಲ್ಲಿ ಕೊಲ್ಲಿ ದೇಶಗಳಿಗೆ ಡ್ರೈವರ್ ಕೆಲಸಕ್ಕೆ ಹೊರಟವರಿದ್ದೀರಿ, ಎಲೆಕ್ಟ್ರಿಷಿಯನ್, ಗೌಂಡಿ ಕೆಲಸದವರಿದ್ದೀರಿ. ನರ್ಸಿಂಗ್ ಮುಗಿಸಿದ ಹೆಣ್ಣುಮಕ್ಕಳೂ ಇದ್ದಾರೆ. ಈಗ ತಾನೇ ಬಾಗಿಲಲ್ಲಿ ಒಬ್ಬರು ಕೇಳಿದರು: "ಡಾಕ್ಟ್ರೇ, ನಂದು ಮೆಡಿಕಲ್ ಆಗೈತ್ರಿ, ಫಿಟ್ ಅಂತ ಬಂದೈತಿ. ಮತ್ತೇನು ಟೆಸ್ಟು?" ಒಳ್ಳೆಯ ಪ್ರಶ್ನೆ. ನಾನು ಹೇಳಬಂದಿರುವುದು ಲೈಂಗಿಕ ಸಂಪರ್ಕದಿಂದ ಹರಡುವ ರೋಗಗಳ ಪರೀಕ್ಷೆಯ ಬಗ್ಗೆ, ಆ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ.

ಹೈದರಾಬಾದಿಗೋ ಮುಂಬೈಗೋ ಹೋಗಿ ಮಾಡಿಸುವ ಆ ಮೆಡಿಕಲ್ ಇರುವುದು ನಿಮಗಾಗಿ ಅಲ್ಲ, ನಿಮ್ಮನ್ನು ಕರೆಸಿಕೊಳ್ಳುವ ದೇಶಕ್ಕಾಗಿ. ಮೊದಲು ಗಮ್ಕಾ ಅನ್ನುತ್ತಿದ್ದರು, ಈಗ ವಾಫಿದ್. ಸೌದಿ, ಯುಎಇ, ಕುವೈತ್, ಕತಾರ್, ಒಮಾನ್, ಬಹ್ರೇನ್ ಸೇರಿ ಮಾಡಿಕೊಂಡ ವ್ಯವಸ್ಥೆ. ಟಿಬಿ ಹುಡುಕಲು ಎದೆಯ ಎಕ್ಸ್‌ರೇ ತೆಗೆಯುತ್ತಾರೆ. ರಕ್ತದಲ್ಲಿ ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್ ನೋಡುತ್ತಾರೆ. ಏನಾದರೂ ಸಿಕ್ಕರೆ ಅನ್‌ಫಿಟ್ ಎಂದು ಬರೆಯುವುದಷ್ಟೇ ಅವರ ಕೆಲಸ, ಚಿಕಿತ್ಸೆ ಅವರದ್ದಲ್ಲ. ಇನ್ನು ಗೊನೋರಿಯಾ, ಕ್ಲಮೈಡಿಯಾ ಎಂಬ ಲೈಂಗಿಕ ರೋಗಗಳು ಆ ಪಟ್ಟಿಯಲ್ಲೇ ಇಲ್ಲ. ಕ್ಲಮೈಡಿಯಾ ಹೆಂಗಸರಲ್ಲಿ ಬಹಳ ಸಲ ಯಾವ ಲಕ್ಷಣವನ್ನೂ ತೋರಿಸದೆ ಗರ್ಭನಾಳವನ್ನು ಕೆಡಿಸುತ್ತದೆ.

ಆದ್ದರಿಂದ ನಾನು ಹೇಳುವುದು ಇಷ್ಟೇ. ಏಜೆಂಟಿಗೆ ದುಡ್ಡು ಕಟ್ಟುವ ಮುಂಚೆ, ಹೊಲ ಒತ್ತೆ ಇಡುವ ಮುಂಚೆ, ನಿಮ್ಮ ತಾಲೂಕು ಆಸ್ಪತ್ರೆಯ ಐಸಿಟಿಸಿಗೋ, ಅಂದರೆ ಎಚ್‌ಐವಿ ಸಮಾಲೋಚನೆ, ಪರೀಕ್ಷೆಯ ಕೇಂದ್ರಕ್ಕೋ, ರಾಯಚೂರಿನ ರಿಮ್ಸ್ ಆಸ್ಪತ್ರೆಗೋ ಹೋಗಿ. ಎಚ್‌ಐವಿ ಪರೀಕ್ಷೆಗೆ ಅಲ್ಲಿ ಒಂದು ರೂಪಾಯಿ ಕೊಡಬೇಕಿಲ್ಲ. ಆಪ್ತಸಮಾಲೋಚಕರು ಮೊದಲು ಮಾತಾಡುತ್ತಾರೆ, ನಿಮ್ಮ ಒಪ್ಪಿಗೆ ಪಡೆದೇ ರಕ್ತ ತೆಗೆಯುತ್ತಾರೆ. ಸೋಂಕು ಇದೆ ಎಂದು ಹೇಳುವ ಮುಂಚೆ ಮೂರು ಬೇರೆ ಬೇರೆ ಕಿಟ್‌ನಲ್ಲಿ ಖಚಿತ ಮಾಡಿಕೊಳ್ಳುತ್ತಾರೆ. 2017ರ ಎಚ್‌ಐವಿ ಕಾಯ್ದೆ ಪ್ರಕಾರ ನಿಮ್ಮ ಫಲಿತಾಂಶವನ್ನು ಕಂಡಕಂಡವರಿಗೆ ಹೇಳುವಂತಿಲ್ಲ. "ಊರೆಲ್ಲ ಗೊತ್ತಾಗ್ತದ್ರಿ" ಎಂಬ ಭಯಕ್ಕೆ ಎಷ್ಟೋ ಜನ ಲಾಡ್ಜಿನಲ್ಲಿ ಕೂತು ಗುಪ್ತರೋಗಕ್ಕೆ ಔಷಧ ಕೊಡುವವರ ಹತ್ತಿರ ಹೋಗಿ ಸಾವಿರಾರು ರೂಪಾಯಿ ಸುರಿಯುತ್ತಾರೆ. ಅವರ ಜಾಹೀರಾತು ಬಸ್‌ಸ್ಟ್ಯಾಂಡಿನ ಗೋಡೆ ತುಂಬ ಇರುತ್ತದೆ. ಇಂಥ ರೋಗಗಳಿಗೆಂದೇ ಸರ್ಕಾರಿ ಆಸ್ಪತ್ರೆಯಲ್ಲಿರುವ ನಮ್ಮ ಸುರಕ್ಷಾ ಕ್ಲಿನಿಕ್ಕಿನ ಬೋರ್ಡು ಮಾತ್ರ ಹುಡುಕಿದರೂ ಕಾಣುವುದಿಲ್ಲ, ಆ ತಪ್ಪು ನಮ್ಮ ಇಲಾಖೆಯದೇ.

ಸಿಫಿಲಿಸ್ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಸಾಮಾನ್ಯವಾಗಿ ಸಂಪರ್ಕವಾದ ಮೂರು ವಾರದ ಸುಮಾರಿಗೆ ಒಂದು ಹುಣ್ಣು ಏಳುತ್ತದೆ. ನೋವಿಲ್ಲ, ಉರಿಯಿಲ್ಲ. ಕೆಲವು ವಾರಕ್ಕೆ ತಾನೇ ಮಾಯುತ್ತದೆ. ಮಾಯಿತಲ್ಲ, ಹೋಯಿತು ಎಂದುಕೊಳ್ಳುತ್ತಾರೆ. ರೋಗ ಒಳಗೇ ಇರುತ್ತದೆ. ಶುರುವಿನಲ್ಲೇ ಸಿಕ್ಕರೆ ಬೆಂಜಥೀನ್ ಪೆನಿಸಿಲಿನ್ ಇಂಜೆಕ್ಷನ್ ಒಂದೇ ಡೋಸು ಸಾಕು, ಗುಣವಾಗುತ್ತದೆ. ಆದರೆ ಗುಣವಾದ ಮೇಲೂ ಟಿಪಿಎಚ್‌ಎ ಎಂಬ ಪರೀಕ್ಷೆ ಹೆಚ್ಚಿನವರಲ್ಲಿ ಜೀವನಪೂರ್ತಿ ಪಾಸಿಟಿವ್ ತೋರಿಸುತ್ತದೆ. ಇಳಿಯುವುದು ವಿಡಿಆರ್‌ಎಲ್ ಎಂಬ ಇನ್ನೊಂದು ರಕ್ತಪರೀಕ್ಷೆಯ ಅಂಕಿ ಮಾತ್ರ. ಹಿಂದೆ ಚಿಕಿತ್ಸೆ ಪಡೆದವರು ಆ ಚೀಟಿ, ವಿಡಿಆರ್‌ಎಲ್ ಎಷ್ಟರಿಂದ ಎಷ್ಟಕ್ಕೆ ಇಳಿಯಿತು ಎಂಬ ರಿಪೋರ್ಟು, ಎರಡನ್ನೂ ಪಾಸ್‌ಪೋರ್ಟಿನ ಜೊತೆಗೇ ಇಟ್ಟುಕೊಳ್ಳಿ.

ಪರೀಕ್ಷೆಯ ಹೊತ್ತೂ ಮುಖ್ಯ. ಹೋದ ವಾರ ಸಂಪರ್ಕವಾಗಿ ಇವತ್ತು ರಕ್ತ ಕೊಟ್ಟು ನೆಗೆಟಿವ್ ಬಂತು ಎಂದು ಸಮಾಧಾನಪಡುವುದು, ಭತ್ತ ಬಿತ್ತಿದ ಮರುದಿನವೇ ಮೊಳಕೆ ಹುಡುಕಿದಂತೆ. ಬೆರಳು ಚುಚ್ಚಿ ಮಾಡುವ ಎಚ್‌ಐವಿ ಪರೀಕ್ಷೆ ಖಾತ್ರಿಯಾಗಲು ಮೂರು ತಿಂಗಳು ಕಾಯಬೇಕು. ನಾಲ್ಕನೇ ತಲೆಮಾರಿನ ಲ್ಯಾಬ್ ಪರೀಕ್ಷೆಯಾದರೆ 45 ದಿನ. ಸಿಫಿಲಿಸ್‌ಗೂ ಮೂರು ತಿಂಗಳು. ಗೊನೋರಿಯಾ, ಕ್ಲಮೈಡಿಯಾಕ್ಕೆ ಎರಡು ವಾರ ಸಾಕು. ಆ ಅವಧಿಯಲ್ಲಿ ಕಾಂಡೋಮ್ ಇಲ್ಲದೆ ಸಂಪರ್ಕ ಬೇಡ.

ಕಾಯಬಾರದ ಸಂದರ್ಭವೂ ಒಂದಿದೆ. ನರ್ಸಮ್ಮಗಳೇ, ಸೂಜಿ ಚುಚ್ಚಿತು ಅಂದುಕೊಳ್ಳಿ. ಅಥವಾ ಯಾರಿಗಾದರೂ ಬಲವಂತವಾಯಿತು, ಕಾಂಡೋಮ್ ಹರಿಯಿತು. 72 ಗಂಟೆಯೊಳಗೆ ಎಚ್‌ಐವಿ ತಗಲದಂತೆ ತಡೆಯುವ ಪೆಪ್ ಮಾತ್ರೆ ಶುರುವಾಗಬೇಕು, 28 ದಿನ ನುಂಗಬೇಕು. ಎಷ್ಟು ಬೇಗ ಶುರುಮಾಡಿದರೆ ಅಷ್ಟು ಒಳ್ಳೆಯದು. ಹೆಪಟೈಟಿಸ್ ಬಿಗೆ ಲಸಿಕೆಯೇ ಇದೆ, ಮೂರು ಡೋಸು, ಆರು ತಿಂಗಳು. ಪಾಸ್‌ಪೋರ್ಟಿಗೆ ಅರ್ಜಿ ಹಾಕಿದ ದಿನವೇ ಮೊದಲನೆಯದನ್ನು ಹಾಕಿಸಿಕೊಳ್ಳಿ.

ಎಚ್‌ಐವಿ ಇದೆ ಎಂದು ಗೊತ್ತಾದರೆ? ಸುತ್ತಿಬಳಸಿ ಹೇಳುವುದಿಲ್ಲ. ಕೊಲ್ಲಿ ದೇಶಗಳ ಕೆಲಸದ ವೀಸಾ ಸಿಗುವುದಿಲ್ಲ. ಹೇಗೋ ಹೋದರೂ ಅಲ್ಲಿ ಮತ್ತೆ ಪರೀಕ್ಷೆ ಇರುತ್ತದೆ, ವಾಪಸ್ ಕಳಿಸುತ್ತಾರೆ. ಎಲ್ಲ ದೇಶವೂ ಹಾಗಲ್ಲ. ಅಮೆರಿಕ 2010ರಲ್ಲೇ ಆ ನಿರ್ಬಂಧ ತೆಗೆಯಿತು. ಊರಲ್ಲಿದ್ದರೆ ಎಚ್‌ಐವಿ ಚಿಕಿತ್ಸೆ ಕೊಡುವ ಸರ್ಕಾರಿ ಎಆರ್‌ಟಿ ಕೇಂದ್ರದಲ್ಲಿ ಮಾತ್ರೆ ಉಚಿತ. ದಿನಾ ತಪ್ಪದೆ ನುಂಗಿ ರಕ್ತದಲ್ಲಿ ವೈರಸ್ ಕಾಣದ ಮಟ್ಟಕ್ಕೆ ಇಳಿದು ಹಾಗೇ ಉಳಿದರೆ, ಸಂಗಾತಿಗೆ ಲೈಂಗಿಕ ಸಂಪರ್ಕದಿಂದ ಹರಡುವುದಿಲ್ಲ. ಮಾತ್ರೆ ಬಿಟ್ಟು ಕದ್ದುಮುಚ್ಚಿ ವಿಮಾನ ಹತ್ತಬೇಡಿ. ಸಾಲವೂ ಉಳಿಯುತ್ತದೆ, ರೋಗವೂ ಏಳುತ್ತದೆ.

ಇನ್ನು ಊರಿಗೆ ಬಂದ ಮೇಲಿನ ಮಾತು. ಎರಡು ವರ್ಷಕ್ಕೊಮ್ಮೆ ರಜೆಗೆ ಬರುತ್ತೀರಿ. ಹೆಂಡತಿ ಬಸುರಿಯಾಗುತ್ತಾಳೆ, ತಾಯಿ ಕಾರ್ಡಿನ ಜೊತೆ ಎಚ್‌ಐವಿ, ಸಿಫಿಲಿಸ್ ಪರೀಕ್ಷೆ ಆಗುತ್ತದೆ. ಮನೆಯಲ್ಲಿ ಮೊದಲು ಸಿಕ್ಕಿಬೀಳುವುದು ಅವಳ ರಕ್ತ. ಅತ್ತೆ ಮಾವ ಅವಳನ್ನೇ ಅನುಮಾನಿಸುತ್ತಾರೆ, ಗಂಡ ಫೋನಿನಲ್ಲಿ ಸುಮ್ಮನಿರುತ್ತಾನೆ. ನನಗೆ ಸಿಟ್ಟು ಬರುವುದು ಇಲ್ಲಿಯೇ. ಅವಳು ಊರು ಬಿಟ್ಟು ಎಲ್ಲಿಗೂ ಹೋದವಳಲ್ಲ. ಅಣ್ಣಂದಿರೇ, ರಜೆಗೆ ಬಂದ ವಾರದಲ್ಲೇ ಇಬ್ಬರೂ ಕೂಡಿ ಬನ್ನಿ. ಹೋದ ಮೂರು ತಿಂಗಳಲ್ಲಿ ಸಂಪರ್ಕವಾಗಿದ್ದರೆ ಮತ್ತೊಮ್ಮೆ ಬರಬೇಕಾಗುತ್ತದೆ. ಸೋಂಕು ಇದ್ದರೆ ಇಬ್ಬರಿಗೂ ಒಟ್ಟಿಗೇ ಔಷಧ. ಒಬ್ಬರಿಗೆ ಮಾತ್ರ ಕೊಟ್ಟರೆ ಗೊನೋರಿಯಾದಂಥವು ತಿರುಗಿ ಬರುತ್ತವೆ. ಮೆಡಿಕಲ್ ಶಾಪಿನಲ್ಲಿ ಬಾಯಿಮಾತಿಗೆ ಕೊಡುವ ಮಾತ್ರೆ ಬೇಡವೇ ಬೇಡ, ಗೊನೋರಿಯಾಕ್ಕೆ ಹಳೆಯ ಆ್ಯಂಟಿಬಯಾಟಿಕ್‌ಗಳು ಎಷ್ಟೋ ಕಡೆ ನಾಟುತ್ತಿಲ್ಲ.

ಈಗ ಚೀಟಿ ಹಂಚುತ್ತೇವೆ. ಹೆಸರು ಬರೆಯಬೇಡಿ, ಪ್ರಶ್ನೆ ಮಾತ್ರ ಬರೆಯಿರಿ. ಇಲ್ಲಿ ಕೇಳಲು ಆಗದವರು ಸರ್ಕಾರದ ಏಡ್ಸ್ ಸಹಾಯವಾಣಿ 1097ಕ್ಕೆ ಫೋನ್ ಮಾಡಿ, ಕಾಸು ಬೀಳುವುದಿಲ್ಲ.