ಕೌಂಟರಿನ ಆ ಕಡೆ ಇರುವವರು

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತಿರುವ ಹೆಚ್ಚಿನವರು ಆ್ಯಪ್ ಮಾಡುವವರು, ಇಲ್ಲ ಮಾಡೋದನ್ನು ಕಲಿಯುತ್ತಿರುವವರು. ಹಾಗಾಗಿ ಯುಪಿಐ ಅಂದರೇನು, ಕ್ಯೂಆರ್ ಕೋಡ್ ಅಂದರೇನು ಅಂತ ಶುರು ಮಾಡಲ್ಲ. ಆಯೋಜಕರು ಕೊಟ್ಟ ವಿಷಯ ‘ಬಳಕೆದಾರರ ಅನುಭವ’. ನನ್ನ ಪ್ರಶ್ನೆ ಒಂದೇ. ಯಾವ ಬಳಕೆದಾರರು? ದುಡ್ಡು ಕೊಡುವವರೋ, ತಗೊಳ್ಳುವವರೋ? ಕೌಂಟರಿನ ಈ ಕಡೆ ನಿಂತವರೋ, ಆ ಕಡೆ ಕೂತವರೋ?

2016ರಲ್ಲಿ ಯುಪಿಐ ಬಂತು. ಅಂದಿನಿಂದ ದುಡ್ಡು ಕೊಡುವವರ ಪರದೆಯನ್ನು ನಾವು ತಿದ್ದಿ ತಿದ್ದಿ ಚೆನ್ನಾಗಿ ಮಾಡಿದ್ದೇವೆ. ಸ್ಕ್ಯಾನ್ ಮಾಡು, ಮೊತ್ತ ಹಾಕು, ಪಿನ್ ಒತ್ತು, ಹಸಿರು ಟಿಕ್ ಬರುತ್ತೆ. ತಗೊಳ್ಳುವವರಿಗೆ ಏನು ಕೊಟ್ಟೆವು? ತುಂಬಾ ವರ್ಷ ಒಂದು ಸ್ಟಿಕ್ಕರ್ ಕೊಟ್ಟು ಸುಮ್ಮನಾದೆವು.

ನಮ್ಮ ಬಡಾವಣೆಯ ಗುಡಿ ಮುಂದೆ ಹೂ ಮಾರುವ ಅಮ್ಮ ಒಬ್ಬರಿದ್ದಾರೆ. ಹೂವಿಗೆ ನೀರು ಚಿಮುಕಿಸಿ ಚಿಮುಕಿಸಿ ಕೈ ಯಾವಾಗಲೂ ಒದ್ದೆ. ಫೋನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಬುಟ್ಟಿಯ ಪಕ್ಕ ಇಟ್ಟಿರುತ್ತಾರೆ. ಎರಡು ಮೊಳ ಮಲ್ಲಿಗೆ ತಗೊಂಡವರು ಸ್ಕ್ಯಾನ್ ಮಾಡಿ, "ಹೋಯ್ತು ನೋಡಮ್ಮ" ಅಂತ ಫೋನನ್ನು ಅವರ ಮುಖದ ಮುಂದೆ ಹಿಡಿದು ಹೊರಟುಬಿಡುತ್ತಿದ್ದರು. ಕನ್ನಡಕ ಇಲ್ಲದೆ ಅವರಿಗೆ ಆ ಸಣ್ಣ ಅಕ್ಷರ ಕಾಣಿಸಲ್ಲ. ಕಂಡರೂ, ಅದು ಇವತ್ತಿನದೋ ಹೋದ ವಾರದ ಸ್ಕ್ರೀನ್‌ಶಾಟೋ ಅಂತ ನೋಡಲು ಪುರುಸೊತ್ತೆಲ್ಲಿ? ತಲೆ ಆಡಿಸುತ್ತಿದ್ದರು, ಅಷ್ಟೆ. ರಾತ್ರಿ ಸೊಸೆ ಕೂತು ಬ್ಯಾಂಕಿನ ಮೆಸೇಜ್ ಒಂದೊಂದಾಗಿ ಓದಿ ಲೆಕ್ಕ ಹಾಕಬೇಕಿತ್ತು. ಕೆಲವು ದಿನ ದುಡ್ಡು ಕಮ್ಮಿ ಬೀಳುತ್ತಿತ್ತು. ಯಾರನ್ನು ಕೇಳೋದು?

ಆಮೇಲೆ ಸೌಂಡ್‌ಬಾಕ್ಸ್ ಬಂತು. ಪೇಟಿಎಂ ಮೊದಲು ತಂದ ಡಬ್ಬಿ ಅದು, ಈಗ ಫೋನ್‌ಪೇ, ಭಾರತ್‌ಪೇ ಎಲ್ಲರದ್ದೂ ಇದೆ. ಅದರೊಳಗೇ ಸಿಮ್ ಇರುತ್ತೆ, ಅಮ್ಮನ ಫೋನ್ ಆಫ್ ಆಗಿದ್ದರೂ ನಡೆಯುತ್ತೆ. ಬಂದ ಮೊತ್ತವನ್ನು ಕನ್ನಡದಲ್ಲಿ ಕೂಗಿ ಹೇಳುತ್ತೆ. ಈಗ ಅವರು ಹೂ ಅಳೆಯುತ್ತಲೇ ಇರುತ್ತಾರೆ, ತಲೆ ಎತ್ತಿ ನೋಡೋದೇ ಇಲ್ಲ. ನನ್ನನ್ನು ಕೇಳಿದರೆ, ಈ ಹತ್ತು ವರ್ಷದಲ್ಲಿ ನಮ್ಮ ದೇಶದಲ್ಲಿ ನಡೆದ ಅತ್ಯುತ್ತಮ ವಿನ್ಯಾಸದ ಕೆಲಸ ಈ ಡಬ್ಬಿ. ಒದ್ದೆ ಕೈಯವರನ್ನು ನೆನಪಿಟ್ಟುಕೊಂಡು ಮಾಡಿದ್ದು ಅದು. ಯಾರ ಮನೆಗೆ ಎಷ್ಟು ರೂಪಾಯಿ ಹೂವು ಹೋಯ್ತು ಅನ್ನೋದು ಇಡೀ ಬೀದಿಗೆ ಗೊತ್ತಾಗುತ್ತೆ, ಅದೊಂದು ಬೇರೆ ಮಾತು!

ಆದರೆ ವರಮಹಾಲಕ್ಷ್ಮಿ ಹಬ್ಬದ ಹಿಂದಿನ ಸಂಜೆ ಅಲ್ಲಿ ಹೋಗಿ ನಿಂತು ನೋಡಿ. ಸುತ್ತ ಜನ. ಡಬ್ಬಿ ‘ನೂರು ರೂಪಾಯಿ’ ಅನ್ನುತ್ತೆ. ನೂರು ರೂಪಾಯಿ ಹಾಕಿದ್ದು ನಾನು ಅಂತ ಮೂರು ಜನ ಒಟ್ಟಿಗೇ ಕೈ ಚಾಚುತ್ತಾರೆ. ಡಬ್ಬಿ ಮೊತ್ತ ಹೇಳುತ್ತೆ, ಹೆಸರು ಹೇಳಲ್ಲ. ಇನ್ನು ನೆಟ್‌ವರ್ಕ್ ನಿಧಾನವಾದರಂತೂ ಗಿರಾಕಿಯ ಫೋನಿನಲ್ಲಿ ಟಿಕ್ ಬಂದಿರುತ್ತೆ, ಡಬ್ಬಿ ಮಾತಾಡಲ್ಲ. ಇಬ್ಬರೂ ಅದನ್ನೇ ನೋಡುತ್ತಾ ನಿಲ್ಲುತ್ತಾರೆ. ಗಿರಾಕಿ ಸುಳ್ಳು ಹೇಳುತ್ತಿಲ್ಲ, ಅಮ್ಮನ ಅನುಮಾನವೂ ತಪ್ಪಲ್ಲ. ಆ ಹೊತ್ತಿನಲ್ಲಿ ಇಬ್ಬರಿಗೂ ಒಂದೇ ಉತ್ತರ ಕಾಣಬೇಕು ಅಂತ ಯಾರಾದರೂ ಕೂತು ಯೋಚಿಸಿದ್ದೇವಾ?

ಡಬ್ಬಿಯ ಬಾಡಿಗೆ ವಿಷಯವೂ ಹಾಗೇ. 2020ರ ಜನವರಿಯಿಂದ ಬ್ಯಾಂಕ್ ಖಾತೆಯಿಂದ ನೇರವಾಗಿ ಮಾಡುವ ಯುಪಿಐ ವ್ಯವಹಾರಕ್ಕೆ ಅಂಗಡಿಯವರಿಂದ ಶುಲ್ಕ ತಗೊಳ್ಳುವಂತಿಲ್ಲ. ಒಳ್ಳೆಯದೇ. ಆದರೆ ಕಂಪನಿಗಳಿಗೂ ಆದಾಯ ಬೇಕಲ್ವಾ? ಡಬ್ಬಿಯ ತಿಂಗಳ ಬಾಡಿಗೆ ಅದರಲ್ಲಿ ಒಂದು. ಅದು ಖಾತೆಯಿಂದ ತಾನಾಗೇ ಕಟ್ ಆಗುತ್ತೆ. ಬಂದ ಮೂವತ್ತು ರೂಪಾಯಿಯನ್ನು ಬೀದಿಗೆಲ್ಲ ಕೇಳುವಂತೆ ಕೂಗುವ ಡಬ್ಬಿ, ಕಟ್ ಆದ ಬಾಡಿಗೆಯನ್ನೂ ಒಂದು ಸಲ ಹೇಳಬಹುದಲ್ವಾ?

ಕೌಂಟರಿನ ಆ ಕಡೆ ಯಾರಿದ್ದಾರೆ ಅಂತ ಕೇಳದೇ ಹೋದರೆ ಏನಾಗುತ್ತೆ ಅಂತ 2025ರ ಜುಲೈನಲ್ಲಿ ಕರ್ನಾಟಕವೇ ನೋಡಿತು. ಯುಪಿಐ ಮೂಲಕ ಬಂದ ದುಡ್ಡಿನ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಕಳಿಸಿತು. ಕಾನೂನು ಹೊಸದೇನಲ್ಲ. ವಸ್ತು ಮಾರುವವರಾದರೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಾದರೆ 20 ಲಕ್ಷ ದಾಟಿದರೆ ನೋಂದಣಿ ಬೇಕು. ಆದರೆ ಹಾಲು, ತರಕಾರಿ, ಹಣ್ಣಿಗೆ ತೆರಿಗೆಯೇ ಇಲ್ಲ. ಯುಪಿಐ ದಾಖಲೆಯಲ್ಲಿ ಮೊತ್ತ ಇದೆ, ಮಾರಿದ್ದು ಏನು ಅಂತ ಇಲ್ಲ. ತಮ್ಮ ಕೊಟ್ಟ ಕೈಸಾಲವೂ ಅದೇ ಖಾತೆಗೆ, ಹಾಲು ಮಾರಿದ ದುಡ್ಡೂ ಅದೇ ಖಾತೆಗೆ. ಬೆಂಗಳೂರಿನ ಎಷ್ಟೋ ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ಕಿತ್ತು ‘ನೋ ಯುಪಿಐ, ಓನ್ಲಿ ಕ್ಯಾಶ್’ ಅಂತ ಚೀಟಿ ಅಂಟಿಸಿದರು. ಆಮೇಲೆ ಮುಖ್ಯಮಂತ್ರಿಗಳೇ ವ್ಯಾಪಾರಿಗಳನ್ನು ಕರೆಸಿ ಮಾತಾಡಬೇಕಾಯಿತು. ನಾನು ತೆರಿಗೆ ತಪ್ಪಿಸುವವರ ಪರ ಅಲ್ಲ. ಆದರೆ ವ್ಯಾಪಾರಿ ತನ್ನ ಆ್ಯಪಿನಲ್ಲೇ ‘ಇದು ಹಾಲಿನದು, ಇದು ಸಾಲ’ ಅಂತ ಒಂದೇ ಸಲ ಒತ್ತಿ ಗುರುತು ಹಾಕಿಕೊಳ್ಳುವಂತಿದ್ದರೆ, ಅಷ್ಟು ಜನಕ್ಕೆ ಅಷ್ಟು ಭಯ ಆಗುತ್ತಿತ್ತಾ?

ಹಾಗಂತ ಮಾರುವವರ ಕಡೆಗೇ ವಾಲಬೇಕು ಅಂತ ಹೇಳುತ್ತಿಲ್ಲ. ಯುಪಿಐನಲ್ಲೇ ದುಡ್ಡು ಕೇಳುವ ಕಲೆಕ್ಟ್ ರಿಕ್ವೆಸ್ಟ್ ಇತ್ತು. ದುಡ್ಡು ಬರಬೇಕಾದವರಿಗೆ ಬಹಳ ಅನುಕೂಲ. ಮೋಸಗಾರರಿಗೂ ಅಷ್ಟೇ ಅನುಕೂಲ ಆಯ್ತು. ‘ಪಿನ್ ಹಾಕಿ, ನಿಮಗೆ ದುಡ್ಡು ಬರುತ್ತೆ’ ಅಂತ ನಂಬಿಸಿ ಎಷ್ಟೋ ಜನರ ಖಾತೆ ಖಾಲಿ ಮಾಡಿದರು. ಕೊನೆಗೆ 2025ರ ಅಕ್ಟೋಬರ್ 1ರಿಂದ ವ್ಯಕ್ತಿಯಿಂದ ವ್ಯಕ್ತಿಗೆ ಕಳಿಸುವ ಆ ರಿಕ್ವೆಸ್ಟನ್ನು, ಯುಪಿಐ ನಡೆಸುವ ಸಂಸ್ಥೆ ಎನ್‌ಪಿಸಿಐ ನಿಲ್ಲಿಸಿತು. ಅಲ್ಲಿ ನಾವು ಕೊಡುವವರನ್ನೇ ಮರೆತಿದ್ದೆವು.

ಆಟೋ ಆ್ಯಪುಗಳ ಬಗ್ಗೆ ಜಾಸ್ತಿ ಹೇಳಬೇಕು ಅಂತಿದ್ದೆ, ಆಗಲೇ ಚೀಟಿ ಬಂತು, ಐದು ನಿಮಿಷ ಅಂತೆ. ಚುಟುಕಾಗಿ ಹೇಳಿಬಿಡುತ್ತೇನೆ. ನಮ್ಮ ಯಾತ್ರಿ ಬೆಂಗಳೂರಿನಲ್ಲಿ ಹುಟ್ಟಿದ್ದೇ ಕಮಿಷನ್ ಬೇಡ ಅಂದ ಆಟೋ ಚಾಲಕರ ಒತ್ತಾಯದಿಂದ. ದುಡ್ಡು ನೇರವಾಗಿ ಚಾಲಕರ ಕೈಗೆ. ಆ ಕಡೆ ಇರುವವರನ್ನು ಮೊದಲು ನೆನೆದ ಆ್ಯಪ್ ಅದು, ಅದಕ್ಕೆ ನನಗೆ ಅದರ ಮೇಲೆ ಗೌರವ. ಆದರೆ ಆಟೋ, ಕ್ಯಾಬ್ ಆ್ಯಪುಗಳಲ್ಲಿ ಗಾಡಿ ಬರುವ ಮೊದಲೇ ಟಿಪ್ ಸೇರಿಸಿ ಅನ್ನುವ ಪದ್ಧತಿ ಬಂತಲ್ಲ, ಮಳೆಯಲ್ಲಿ ಮಗು ಎತ್ತಿಕೊಂಡು ನಿಂತವರಿಗೆ ಅದು ಟಿಪ್ ಅನಿಸಲ್ಲ. 2025ರ ಮೇನಲ್ಲಿ ಕೇಂದ್ರದ ಗ್ರಾಹಕ ರಕ್ಷಣಾ ಪ್ರಾಧಿಕಾರ ಇದೇ ವಿಚಾರಕ್ಕೆ ಊಬರ್‌ಗೆ ನೋಟಿಸ್ ಕೊಟ್ಟಿತು.

ಬಿಎಂಟಿಸಿ ಕಂಡಕ್ಟರ್ ಬಗ್ಗೆ ಒಂದೇ ಮಾತು. ತುಂಬಿದ ಬಸ್ಸಿನಲ್ಲಿ ಒಂದು ಕಡೆ ಶಕ್ತಿ ಯೋಜನೆಯ ಶೂನ್ಯ ಟಿಕೆಟ್ ಕೊಡಬೇಕು, ಇನ್ನೊಂದು ಕಡೆ ಯಾರೋ ಚಾಚಿದ ಫೋನಿನ ಟಿಕ್ ನೋಡಬೇಕು. ಸ್ಟಾಪ್ ಬಂದಿರುತ್ತೆ. ಅವರಿಗೆ ಎಷ್ಟು ಸೆಕೆಂಡ್ ಸಿಗುತ್ತೆ ಅಂತ ಬಸ್ಸಿನಲ್ಲೇ ನಿಂತು ನೋಡಿ ಬನ್ನಿ, ಆಮೇಲೆ ಪರದೆ ಬರೆಯಿರಿ.

ಕಾಲ್ ಸೆಂಟರ್‌ನವರ ಪರದೆ, ವಯಸ್ಸಾದವರ ಫೋನು, ಎರಡನ್ನೂ ಬಿಡುತ್ತೇನೆ. ಇದೊಂದನ್ನು ಮಾತ್ರ ಬಿಡಲ್ಲ. 2019ರ ಸೆಪ್ಟೆಂಬರಿನಲ್ಲಿ ರಿಸರ್ವ್ ಬ್ಯಾಂಕ್ ಒಂದು ಸುತ್ತೋಲೆ ಹೊರಡಿಸಿತು. ಯುಪಿಐನಲ್ಲಿ ದುಡ್ಡು ಕಟ್ ಆಗಿ ಅಂಗಡಿಗೆ ಖಾತ್ರಿ ಸಿಗದಿದ್ದರೆ, ಆ ದಿನ ಬಿಟ್ಟು 5 ದಿನದೊಳಗೆ ಅದು ತಾನಾಗೇ ಗ್ರಾಹಕರಿಗೆ ವಾಪಸ್ ಬರಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಒಳ್ಳೆಯ ನಿಯಮ. ಆದರೆ ಆ ಪರಿಹಾರವೂ ಗ್ರಾಹಕರಿಗೇ. ಟಿಕ್ ನಂಬಿ ಸಾಮಾನು ಕೊಟ್ಟು ಕಳಿಸಿದ ಅಂಗಡಿಯವರಿಗೆ ಅದರಲ್ಲಿ ಏನೂ ಇಲ್ಲ. ನಿಮ್ಮಲ್ಲಿ ಪಾವತಿ ಆ್ಯಪಿನ ಕೆಲಸ ಮಾಡುವವರು ನಾಳೆ ಆಫೀಸಿನಲ್ಲಿ ‘ಪೆಂಡಿಂಗ್’ ಅಂತ ಬರುವ ಪರದೆ ತೆಗೆದು ನೋಡಿ. ಅದೇ ಹೊತ್ತಿಗೆ ಅಂಗಡಿಯವರಿಗೆ ಏನು ಕಾಣುತ್ತೆ ಅಂತ ನಿಮ್ಮ ತಂಡದಲ್ಲಿ ಕೇಳಿ. ಉತ್ತರ ಯಾರ ಹತ್ತಿರವೂ ಇಲ್ಲದಿದ್ದರೆ ಕೆಲಸ ಅಲ್ಲಿಂದ ಶುರು ಮಾಡಿ.

ಹಿಂದಿನ ಸಾಲಿನಲ್ಲಿ ಒಬ್ಬರು ಆಗಿನಿಂದ ಕೈ ಎತ್ತಿದ್ದಾರೆ. ಮೈಕ್ ಅವರಿಗೆ ಕೊಡಿ, ಕೇಳಮ್ಮ.